ಏಳು ರಾತ್ರಿ, ಎಂಟು ಹಗಲು

ಕರಪತ್ರದಲ್ಲಿ ನನ್ನ ಹೆಸರಿಲ್ಲ, ಇಮಾಂಬಿ.
‘ಊಟ ನಮ್ಮ ಕಡೆಯದೇ’ ಅಂತ ಕೊನೆಗೆ
ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆಯಲ್ಲ,
ಅದೇ ನಾನು.

ದಾವಣಗೆರೆಯಿಂದ ಮೂವತ್ತೆಂಟು ಜನ,
ಜೋಳದ ಹಿಟ್ಟು, ಶೇಂಗಾ ಚಟ್ನಿ,
ನಿನ್ನ ಭಟ್ಟಿಯ ಮಂಡಕ್ಕಿ ಒಂದು ಚೀಲ.
ವಿಮಾನದವರು ಎತ್ತಿ ನೋಡಿದರು,
ಇಷ್ಟು ದೊಡ್ಡ ಚೀಲ, ತೂಕವೇ ಇಲ್ಲ!
ಒಳಗೇನು, ಅಂದರು.
ಗಾಳಿ ಸ್ವಾಮಿ, ಅಂದೆ. ಹುರಿದದ್ದು.

ಅವರು ಗುಡಿ ನೋಡಿದರು,
ನಾನು ಗುಡಿಯ ಹಿತ್ತಿಲು ನೋಡಿದೆ.
ಹಳದಿ ಬಾವುಟ ಹಿಡಿದ ಹುಡುಗಿ, ಥಿಡಾ ಅಂತ ಹೆಸರು,
ಮುಂದೆ ಮುಂದೆ ನಡೆಯುವಳು.
ಹಿಂದೆ ನಮ್ಮ ಮಂದಿ, ಬರಿಗಾಲು, ಕಾದ ಹಾಸುಗಲ್ಲು,
ಅಯ್ಯಯ್ಯೋ ಎಂದು ಕುಣಿಯುತ್ತ ಬುದ್ಧನ ಸುತ್ತ.
ಚೌಕಿಪೇಟೆಯ ಬಟ್ಟೆ ಅಂಗಡಿ ಪಂಪಣ್ಣನವರು
ಬಂಗಾರದ ಗೋಪುರ ಕಂಡಲ್ಲೆಲ್ಲ
ಎಷ್ಟು ತೊಲ, ಎಷ್ಟು ತೊಲ ಎಂದು ಕೇಳಿ ಬರೆದುಕೊಂಡರು.
ನಾನು ಚಪ್ಪಲಿ ಕಾಯುತ್ತ
ಸೌತೆಕಾಯಿ ಹೆಚ್ಚುತ್ತಿದ್ದೆ.

ಬಗಾನಿನಲ್ಲಿ ಇಟ್ಟಿಗೆಯ ಗುಡಿಗಳು ಹೊಲದ ತುಂಬ.
ಎಣಿಸಿ ಎಣಿಸಿ ಬಿಟ್ಟೆ.
ಗುಡಿ ಗುಡಿಯ ನಡುವೆ ಶೇಂಗಾ ಬಿತ್ತಿದ್ದರು.
ಸುಳ್ಳು ಯಾಕೆ ಹೇಳಲಿ,
ಬುದ್ಧನಿಗಿಂತ ಮೊದಲು ನಾನು ಕೈಮುಗಿದದ್ದು ಅದಕ್ಕೆ.

ಮಾರನೆಯ ನಸುಕು, ಒಗ್ಗರಣೆ ಹಾಕುವ ಹೊತ್ತು,
ಓಣಿಯ ತುದಿಯಿಂದ ಒಂದು ಸಾಲು.
ಹಿರಿಯರು, ಆಮೇಲೆ ಕಿರಿಯರು,
ಕಟ್ಟಕಡೆಗೆ ಎಂಟು ವರ್ಷದ ಒಬ್ಬ,
ಬಟ್ಟಲು ಅವನ ಹೊಟ್ಟೆಗಿಂತ ದೊಡ್ಡದು.
ಯಾರೂ ಕೂಗುವುದಿಲ್ಲ.
ನಮ್ಮಲ್ಲಿ ಅಯ್ಯನವರು ಹೊಸ್ತಿಲಾಚೆ ನಿಂತು
ಕೋರಾನ್ನ ಭಿಕ್ಷಾ ಅಂದರೆ ಅವ್ವ ಮೊರ ಹಿಡಿದು ಓಡುತ್ತಿದ್ದಳು.
ಆ ಕೂಗಿಲ್ಲದೆ ನನ್ನ ಕೈಗೆ ಏನು ಮಾಡಬೇಕೋ ತಿಳಿಯಲಿಲ್ಲ.
ಅನ್ನ ಇನ್ನೂ ಬೆಂದಿರಲಿಲ್ಲ.
ಇದ್ದದ್ದು ಒಗ್ಗರಣೆ ಮಂಡಕ್ಕಿ, ಮೇಲೆ ಪುಟಾಣಿ ಪುಡಿ.
ಹಾಕಿದೆ.
ಬಟ್ಟಲಿಗೆ ಬಿದ್ದದ್ದು ಅದಕ್ಕೇ ಗೊತ್ತಾಗಲಿಲ್ಲ,
ಅಷ್ಟು ಹಗುರ.
ಚಿಕ್ಕವನು ಬಗ್ಗಿ ನೋಡಿದ,
ಹಸಿಮೆಣಸಿನಕಾಯಿ ಕಂಡು ಹುಬ್ಬು ಹಾರಿಸಿದ,
ನಗಬಾರದೆಂದು ನೆನಪಾಗಿ ನೆಲ ನೋಡಿದ.

ಅವತ್ತು ಮೂವತ್ತೆಂಟು ಜನಕ್ಕೆ ತಿಂಡಿ ಕಡಿಮೆ ಬಿತ್ತು.
ಏ ಬಕ್ಕೇಶಿ, ಬುದ್ಧನೇ ತಿಂದನೇನೋ?
ಪಂಪಣ್ಣನವರ ಬಾಯಿ ನೀನು ಕೇಳಬೇಕಿತ್ತು.

ಐದನೆಯ ದಿನ ಥಿಡಾ ನನ್ನನ್ನೂ ಕರೆದಳು.
‘ಜನಜೀವನ ದರ್ಶನ’, ಒಂದು ಗಂಟೆ.
ತಾಳೆಗರಿಯ ಚಪ್ಪರ. ಬಾಣಲೆ. ಕಪ್ಪು ಮರಳು.
ಹೆಂಗಸೊಬ್ಬಳು ಹುಟ್ಟು ಆಡಿಸುತ್ತಿದ್ದಳು,
ಚಟಪಟ, ಚಟಪಟ, ಜರಡಿಗೆ ಸುರಿದರೆ
ಮರಳು ಕೆಳಗೆ, ಬಿಳುಪು ಮೇಲೆ.
ಎಲ್ಲರೂ ಫೋಟೊ ತೆಗೆದರು.
ಎಂಥ ಅಪರೂಪದ ಕಸುಬು ಅಂದರು ಒಬ್ಬ ಮೇಡಂ,
ನಿನ್ನ ಭಟ್ಟಿಯ ಹೊಗೆ ತಾರಸಿಗೆ ಬರುತ್ತದೆಂದು
ಪಾಲಿಕೆಗೆ ಅರ್ಜಿ ಕೊಟ್ಟಿದ್ದರಲ್ಲ,
ಅವರೇ.
ನಾನು ಹುಟ್ಟು ಇಸಿದುಕೊಂಡು ಎರಡು ಸಲ ತಿರುವಿದೆ.
ಅವಳು ನಕ್ಕಳು, ತಪ್ಪು ತಿರುವಿದ್ದಕ್ಕೆ.
ನೀನೂ ಹಾಗೇ ನಗುತ್ತಿ.
ಕೆನ್ನೆಗೆ ಯಾವುದೋ ಮರ ತೇಯ್ದು ಹಚ್ಚಿದ್ದಳು,
ತಿಳಿ ಹಳದಿ, ಎರಡೂ ಕಡೆ ದುಂಡಗೆ.
ಬೆಂಕಿಯ ಎದುರು ಕೂತರೂ ತಂಪಂತೆ.

ತಗೊ, ಅದೇ ಮರದ ತುಂಡು.
ಬುದ್ಧನನ್ನು ತರಲಿಲ್ಲ.
ಇಡಲು ನಿನ್ನಲ್ಲೂ ಜಾಗವಿಲ್ಲ, ನನ್ನಲ್ಲೂ ಇಲ್ಲ.

ಇಮಾಂಬಿ ಮೂಸಿದಳು.
ಆ ಹೊಗೆಯಲ್ಲಿ ಏನು ವಾಸನೆ ಸಿಕ್ಕಿತೋ.
ಕಲ್ಲಿನ ಮೇಲೆ ಹನಿ ನೀರು, ಎರಡು ಸುತ್ತು,
ಮಸಿಗೆನ್ನೆಯ ಮೇಲೆ ಒಂದು ಬೆರಳು ಎಳೆದು
ಹೆಂಗೈತೆ, ಅಂದಳು.
ನಾನು ಬಾಯಿ ತೆರೆಯುವಷ್ಟರಲ್ಲಿ
ಬಾಣಲೆಯ ಅಕ್ಕಿ ಸಿಡಿಯತೊಡಗಿತು.

ಮುಂದಿನ ಟೂರಿಗೆ ಎಷ್ಟು ಚೀಲ?
ಬೆನ್ನು ತಿರುಗಿಸಿಯೇ ಕೇಳಿದಳು.

ಎರಡು, ಅಂದೆ.
ಒಂದು ನಮ್ಮ ಮಂದಿಗೆ.