ಮೌನ ಸಮ್ಮತಿ

ತಾರ್ತು, ನವೆಂಬರ್. ನಾಲ್ಕಕ್ಕೇ ಕತ್ತಲು.
ಮೇಷ್ಟ್ರು ಹಲಗೆಯ ಮೇಲೆ ಬರೆದರು: ಮೌನ ಸಮ್ಮತಿ.
"ರಾಜ್ಯದ ರಸ್ತೆಯಲ್ಲಿ ನಡೆದೆಯೋ,
ಒಪ್ಪಿದ ಹಾಗೇ ಲೆಕ್ಕ. ಸರಿಯೇ?"

ರೇಡಿಯೇಟರ್ ಮಾತ್ರ ಗೊಣಗಿತು.

ತ್ರೀನು ಕೈ ಎತ್ತಲಿಲ್ಲ. ಪೆನ್ನಿನ ಮುಚ್ಚಳ ಕಚ್ಚುತ್ತಾ
ಅಜ್ಜಿಯನ್ನು ನೆನೆದಳು:
ನಲವತ್ತು ವರ್ಷ ಅವರದೇ ರಸ್ತೆ,
ಅವರದೇ ಹಾಲಿನ ಡೈರಿ, ಮೇ ತಿಂಗಳ ಮೆರವಣಿಗೆಯಲ್ಲಿ
ಕೈಗೆ ಕೊಟ್ಟ ಅವರದೇ ಬಾವುಟ.
ತುಟಿ ಪಿಟಕ್ಕೆನ್ನಲಿಲ್ಲ.

ತೀರಿಕೊಂಡ ಮೇಲೆ ಸಿಕ್ಕಿತೊಂದು ಜೊತೆ ಕೈಗವಸು.
ಹೊರಗೆ ಬೂದು ಉಣ್ಣೆ. ಒಳಮಗ್ಗುಲು ತಿರುವಿದರೆ
ಹಾರಿಸಿದರೆ ಜೈಲಾಗುತ್ತಿದ್ದ
ನೀಲಿ, ಕಪ್ಪು, ಬಿಳಿ,
ಬೆರಳಿಗೆ ಮಾತ್ರ ಗೊತ್ತಿದ್ದ ಪಟ್ಟೆ.

"ಯಾರೂ ಏನೂ ಹೇಳುತ್ತಿಲ್ಲ," ಮೇಷ್ಟ್ರು ನಕ್ಕರು,
"ಅಂದರೆ ಎಲ್ಲರೂ ಒಪ್ಪಿದಿರಿ."

ತ್ರೀನು ಕೋಟಿನ ಜೇಬಿಗೆ ಕೈಯಿಳಿಸಿದಳು.
ಉಣ್ಣೆ ಇನ್ನೂ ಚುಚ್ಚುತ್ತಿತ್ತು.