ಹನ್ನೊಂದು ಸೆಕೆಂಡು

ಪೀಟರ್‌ಹೆಡ್ಡಿನ ಬಂದರಿಗೆ ಮುಖಮಾಡಿದ ಮಹಡಿಯಲ್ಲಿ
ಕಿವಿಗೆ ಹೆಡ್‌ಫೋನು, ಕಾಲಡಿಗೆ ಪೆಡಲು,
ದರ್ಜಿಯ ಹಾಗೆ ಕೂತು
ಬೇರೆಯವರ ಮಾತು ಹೊಲಿಯುತ್ತೇನೆ.
ಕೂಲಿ ನಿಮಿಷದ ಲೆಕ್ಕ.

ಅಬರ್ಡೀನಿನಿಂದ ಐಲ್ಸಾ ಕಡತ ಕಳಿಸುತ್ತಾಳೆ.
ಕೇಳುವವಳು ಅವಳು. ಹೇಳುವವರಿಗೆ
ಹದಿನೈದು, ಹದಿನಾರು, ಹೆಚ್ಚೆಂದರೆ ಹತ್ತೊಂಬತ್ತು.
ಹೆಸರಿಲ್ಲ, ನಂಬರು.
ನಿಯಮದ ಹಾಳೆ ಗೋಡೆಗೆ ಅಂಟಿಸಿದ್ದೇನೆ:
ಕೇಳಿದ್ದನ್ನು ಕೇಳಿದ ಹಾಗೆ ಬರೆ. ತಿದ್ದಬೇಡ.
ಅತ್ತರೆ (ಅಳು). ನಕ್ಕರೆ (ನಗು).
ಸುಮ್ಮನಾದರೆ ಎಷ್ಟು ಸೆಕೆಂಡೆಂದು ಎಣಿಸು.

‘ಸಾಮಾಜಿಕ ಪ್ರಭಾವ’ ಅವಳ ಅರ್ಜಿಯ ಭಾಷೆ.
ಬಾಯಲ್ಲಿ ಕೇಳುವುದು ಬೇರೆ:
ನಿನ್ನೆ ಯಾರ ಜೊತೆ ಊಟ ಮಾಡಿದೆ?
ರಾತ್ರಿ ಫೋನು ಎಲ್ಲಿಟ್ಟು ಮಲಗ್ತೀಯ?
ಗಾಯದ ವಿಷಯ ಮೊದಲು ಯಾರಿಗೆ ಗೊತ್ತಾಯ್ತು,
ಅವರ ಮುಖ ಹೇಗಾಯ್ತು?

ಒಬ್ಬ ಹುಡುಗ: ಅಪ್ಪ ಮೂರು ವಾರ ದೋಣೀಲಿ, ಒಂದು ವಾರ ಮನೇಲಿ.
ಆ ಒಂದು ವಾರವೇ ಕಷ್ಟ.
ಒಬ್ಬಳು: ಗುಂಪಿಂದ ತೆಗೆದುಹಾಕಿದ್ರು.
ಯಾಕೆ ಅಂತ ಎಲ್ಲಿ ಕೇಳೋದು? ಕೇಳೋ ಜಾಗ ಅದೇ ಆಗಿತ್ತು.
ನಂಬರು ಹದಿನೇಳು:
(ಮೌನ, ಹನ್ನೊಂದು ಸೆಕೆಂಡು)

ಆ ಹನ್ನೊಂದರಲ್ಲಿ ಕಡಲಹಕ್ಕಿಯೊಂದು ಅರಚಿತು.
ಕೆಟಲು ಕುದಿದು ಟಕ್ಕೆಂದು ಆರಿತು.
ಐಲ್ಸಾಳ ಕುರ್ಚಿ ಅಲುಗಲಿಲ್ಲ.
ಆಮೇಲೆ ಹದಿನೇಳು ನಕ್ಕಳು,
ಮೂಗಿನಲ್ಲಿ ಶುರುವಾಗಿ ಬಿಕ್ಕಳಿಕೆಯಲ್ಲಿ ಮುಗಿಯುವ ನಗು.

ಪೆಡಲಿಂದ ಕಾಲು ತೆಗೆದೆ.
ಮೂಲೆಯ ಬೇಕರಿಯಲ್ಲಿ ಈ ನಗುವಿಗೆ
ದಿನಾ ಬೆಳಿಗ್ಗೆ ಚಿಲ್ಲರೆ ಎಣಿಸಿ ಕೊಡುತ್ತೇನೆ.

ಗುರುತು ಹತ್ತಿದರೆ ಕಡತ ಮರಳಿಸತಕ್ಕದ್ದು.
ಸಹಿ ನನ್ನದೇ. ಮರಳಿಸಲಿಲ್ಲ.
ತಪ್ಪೇ. ಬೇರೆ ಯಾರೋ ಅಪರಿಚಿತರು
ಆ ಹನ್ನೊಂದನ್ನು ಒಂಬತ್ತೆಂದು ಎಣಿಸಿಬಿಟ್ಟಾರೆಂದು
ಅನಿಸಿತ್ತೋ ಏನೋ.

ಮಾರನೆಯ ದಿನ ‘ಫಿಟ್ ಲೈಕ್?’ ಅಂದೆ.
ಈ ಸೀಮೆಯಲ್ಲಿ ಎಲ್ಲರೂ ಎಲ್ಲರಿಗೂ ಅನ್ನುತ್ತಾರೆ,
ಹೇಗಿದೀಯಾ ಅಂತ, ಉತ್ತರ ಬೇಡದೆ.
ನಾನು ಉತ್ತರಕ್ಕೆ ನಿಂತೆ.
ಹಿಂದೆ ಸಾಲು ಕೆಮ್ಮಿತು.
ಅವಳು ಕಾಗದದ ಚೀಲದ ಬಾಯಿ ಎರಡೆರಡು ಸಲ ಮಡಚಿ,
‘ಪರವಾಗಿಲ್ಲ,’ ಅಂದಳು, ‘ಚಳಿ.’
ಎರಡು ರೋವಿ ಕೊಂಡೆ: ಉಪ್ಪು, ಕೊಬ್ಬು, ಚಪ್ಪಟೆ ಬನ್ನು.
ತಿನ್ನುವುದು ಒಂದು. ಇನ್ನೊಂದು,
ಕೌಂಟರಿನ ಮುಂದೆ ಅರೆಗಳಿಗೆ ಹೆಚ್ಚು ನಿಲ್ಲುವ ಬಾಡಿಗೆ.
ನವೆಂಬರಿಗೆ ಫ್ರೀಜರಿನ ಬಾಗಿಲು ಮುಚ್ಚದಾಯಿತು.

ಆರು ತಿಂಗಳಿಗೆ ಎರಡನೆಯ ಸುತ್ತು.
‘ಏನಾದ್ರೂ ಬದಲಾಯ್ತಾ?’
‘ಹೆಚ್ಚೇನಿಲ್ಲ. ಎರಡು ಸಲ ಜಾರಿದೆ.
ಅಕ್ಕನಿಗೆ ಹೇಳಿದೆ. ಆಸ್ಪತ್ರೆಯ ಸರದಿ ಇನ್ನೂ ಬಂದಿಲ್ಲ.
ಮತ್ತೆ… ಅಂಗಡಿಗೆ ಒಬ್ಬಳು ಬರ್ತಾಳೆ, ಕೆಂಪು ಟೋಪಿ.
ಹೇಗಿದೀಯಾ ಅಂತಾಳೆ, ಹೇಳೋ ತನಕ ಜಾಗ ಬಿಡಲ್ಲ.
ಕಿರಿಕಿರಿ.’ (ನಗು)

‘ನಿನ್ನ ನಕ್ಷೇಲಿ ಅವಳನ್ನ ಎಲ್ಲಿಡ್ತೀಯ?’
(ಮೌನ, ನಾಲ್ಕು ಸೆಕೆಂಡು)
ಪೆನ್ಸಿಲಿನ ಸದ್ದು.
‘ಅಂಚಿಗೆ. ಆದ್ರೆ ಹಾಳೆ ಒಳಗೇ.’

ನಿಯಮ ಆರು: ಗುರುತಿನ ವಿವರ ಅಳಿಸು.
ಟೋಪಿ ಅಳಿಸಿದೆ. (ಗ್ರಾಹಕಿ) ಎಂದು ಬರೆದೆ.
ಬೆರಳು ಎಷ್ಟು ಹೊತ್ತು ಕೀಲಿಗಳ ಮೇಲಿತ್ತೋ,
ಬರೆಯುವವಳ ಮೌನಕ್ಕೆ ಆ ಹಾಳೆಯಲ್ಲಿ ಚಿಹ್ನೆಯಿಲ್ಲ.

ಬೆಳಗಾಗಿದೆ. ಬೇಕರಿಯ ದೀಪ ಹತ್ತಿದೆ.
ಮೊಳೆಗೆ ಟೋಪಿ ತೂಗುತ್ತಿದೆ.
ಹಾಕಲೋ, ಬೇಡವೋ.