ಆರಿದ ಮೇಲೆ

ಕೊಯಮತ್ತೂರಿನಿಂದ ಫೋನು, ಅರ್ಧ ಹಿಂದಿ ಅರ್ಧ ಇಂಗ್ಲಿಷು:
'ಪತ್ರ ಬಂದಿದೆ ಮೇಡಂ, ತಲೆ ಬಂದಿಲ್ಲ.'

ಉದ್ಯಮಬಾಗದ ಮೂರನೇ ಕ್ರಾಸು, ಹೊರಗೆ ಗ್ರೈಂಡಿಂಗಿನ ಕಿರುಚು.
ಒಂದು ಕಿವಿಗೆ ಬೆರಳಿಟ್ಟುಕೊಂಡು ಕೇಳಿದೆ:
ಹಾಗಾದರೆ ಏನು ಬಂತು?
'ಮೇಲೊಂದು ಖಾಲಿ ಚೌಕ, ಮೂಲೆಗೆ ಕೆಂಪು ಕಾಟು,
ಕೆಳಗೆ ಇರುವೆ ಸಾಲು,
ಆಮೇಲೆ ಸೀದಾ ನಿಮ್ಮ ಕ್ಷಮಾಪಣೆ.'

ಪಂಪಿನ ಕವಚ ನಲವತ್ತು, ಹನ್ನೊಂದು ದಿನ ತಡ.
ಕ್ಷಮೆಯನ್ನೂ ಲೆಟರ್‌ಹೆಡ್ಡಿನ ಮೇಲೇ ಕೇಳಬೇಕು.
ಬರೀ ಹಾಳೆಯಲ್ಲಿ ಕೇಳಿದರೆ
ಕೇಳಿದವರು ಯಾರೆಂದು ಅವರ ಆಡಿಟರು ಒಪ್ಪುವುದಿಲ್ಲ.

ಇರುವೆ ಸಾಲೆಂದರೆ 'ಶ್ರೀ ಪದ್ಮಾವತೀ ಪ್ರಸನ್ನ'.
ನಮ್ಮ ಕಂಪ್ಯೂಟರಿನ ಅಕ್ಷರ ಅವರಲ್ಲಿಲ್ಲ;
ದಾರಿಯಲ್ಲಿ ಎಲ್ಲೋ ದೇವಿ
ಪ್ರಶ್ನಾರ್ಥಕ ಚಿಹ್ನೆಗಳಾಗಿ ಒಡೆದಿದ್ದಳು.

ರೆಬೆಲೊ ಸರ್ ಇದ್ದಾಗ ಈ ತಾಪತ್ರಯ ಇರಲಿಲ್ಲ.
ಅನಸೂರಕರ ಗಲ್ಲಿಯ ಪ್ರೆಸ್ಸಿನಿಂದ ವರ್ಷಕ್ಕೆ ಐದು ರೀಮು,
ಕಡುನೀಲಿ ಶಾಯಿ, ಬೆರಳಾಡಿಸಿದರೆ ಅಕ್ಷರ ಹತ್ತುತ್ತಿತ್ತು.
ಮೇಲೆ ಹಲ್ಲಿಗೆ ಹಲ್ಲು ಕೂಡಿದ ಮೂರು ಗಾಲಿ.
'ಮೂರೂ ಒಂದಕ್ಕೊಂದು ಕಚ್ಚಿದ್ರ ಯಾವುದೂ ತಿರಗೂದಿಲ್ರಿ'
ಅಂತ ಮೇಸ್ತ್ರಿ ಯಲ್ಲಪ್ಪ ಇಂದಿಗೂ ನಗುತ್ತಾನೆ.
ತಿರುಗದಿದ್ದರೇನು, ಅಂಚೆಗೆ ಹಾಕಿದರೆ ಹೋಗುತ್ತಿತ್ತು.
ಮಡಿಕೆ ಬಿದ್ದಿರಬಹುದು, ಹನಿ ತಾಗಿರಬಹುದು,
ತಲೆ ಮಾತ್ರ ಕಳಚಿ ಬೀಳುತ್ತಿರಲಿಲ್ಲ.

ನಾನೂ ಸುಮ್ಮನೆ ಕೂಡಲಿಲ್ಲ.
ಚಿತ್ರ ತೆಗೆದು ಮತ್ತೆ ಅಂಟಿಸಿ ಸಾಂಗಲಿಗೆ ಕಳಿಸಿದೆ:
ಪರದೆ ತುಂಬ ಗಾಲಿ, ಪತ್ರ ಹುಡುಕಬೇಕಾಯಿತಂತೆ.
ಸಣ್ಣದು ಮಾಡಿದೆ; ಹುಬ್ಬಳ್ಳಿಯಲ್ಲಿ ಅದು
ಸಹಿಯ ಕೆಳಗೆ ಹೋಗಿ ಕುಳಿತಿತ್ತು, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಹಾಗೆ.
ಪುಣೆಯ ಹುಡುಗನೊಬ್ಬ, ತಮಾಷೆಗೋ ಏನೋ,
ನಮ್ಮ ದರಪಟ್ಟಿಯ ಒಂದು ಸೊನ್ನೆ ಅಳಿಸಿ
'ನೀವೇ ಬರೆದದ್ದಲ್ಲವೇ' ಎಂದು ತಿರುಗಿ ಕಳಿಸಿದ.

ಚಹಾಕ್ಕೆ ಬಂದ ಯಲ್ಲಪ್ಪ,
ಮೊಣಕೈತನಕ ಕರಿ ಮರಳು,
ಪರದೆಗೆ ಬೆರಳು ತಾಗಿಸದೆ ಬಗ್ಗಿ ನೋಡಿದ.
'ಬಾಯಾರ, ನೀವು ಕುದಿಯೂದು ಕಳಸಾಕತ್ತೀರಿ.
ಕುದಿಯೂ ರಸ ಯಾವ ಪೆಟಗ್ಯಾಗ ಬಿದ್ದರ ಆ ಪೆಟಗಿ ಆಕಾರ.
ಆರಲಿ. ಆರಿದ್ದು ಕಳಸ್ರಿ.'

ಪಿಡಿಎಫ್ ಅಂದರೇನು ಅವನಿಗೆ ಗೊತ್ತಿಲ್ಲ.
ನನಗೆ ಗೊತ್ತಿತ್ತು; ಗೊತ್ತಿದ್ದೂ
ಅದು ಸರಕಾರಿ ಫಾರಮ್ಮುಗಳಿಗಷ್ಟೇ ಅಂದುಕೊಂಡಿದ್ದೆ.

ರೆಬೆಲೊ ಸರ್ ಡ್ರಾವರಿನ ತಳದಲ್ಲಿ
ಹಳೆಯ ಹಾಳೆ ಒಂದೇ ಒಂದು ಉಳಿದಿತ್ತು.
ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಮಲಗಿಸಿದೆ.
ಬೆಳಕು ಒಮ್ಮೆ ಹಾಯ್ದು ಹೋಯಿತು.
ನಾಲ್ಕಂಕಿಯ ಫೋನು, ತಂತಿ ವಿಳಾಸ, ಗಾಲಿ, ದೇವಿ,
ಪಾಲುದಾರರು: ಬಾಹುಬಲಿ ಧ. ಉಗಾರೆ, ಪಾರೀಸ ಧ. ಉಗಾರೆ.
ಎಲ್ಲ ಬಂತು.

ಫೋನು ತಿದ್ದಿದೆ. ತಂತಿ ವಿಳಾಸ ಅಳಿಸಿದೆ.
ಮೊದಲನೆಯವರು ತೀರಿ ಒಂಬತ್ತು ವರ್ಷ.
ಆ ಹೆಸರಿನ ಮೇಲೆ ಬಾಣ ನಿಲ್ಲಿಸಿ
ಪಾರೀಸಣ್ಣಾವರ ಮುಖ ನೋಡಿದೆ.
ಅವರು ಬಿಲ್ಲು ಎಣಿಸುತ್ತಿದ್ದರು. ಎಣಿಸಿದ್ದನ್ನೇ ಎಣಿಸಿದರು.
'ಒಂದು ಹೆಸರು ಎಷ್ಟು ಜಾಗಾ ಹಿಡೀತೈತಿ?' ಎಂದರು.

ಕಳಿಸಿದೆ. ಕ್ಷಮೆ, ನಲವತ್ತು ಕವಚ, ಹೊಸ ತಾರೀಖು.
ಈ ಸಲ ದೇವಿ ಇಡಿಯಾಗಿ ಹೋದಳು,
ತಿರುಗದ ಮೂರು ಗಾಲಿಗಳೂ.

ಮರುದಿನ ಹನ್ನೊಂದಕ್ಕೆ ಉತ್ತರ.
ಅದಕ್ಕೂ ತಲೆಯಿಲ್ಲ, ಎರಡೇ ಸಾಲು.
ಹೊಸ ಮ್ಯಾನೇಜರು, ಅವನಿಗೇನು ಗೊತ್ತು:
'ಮಾನ್ಯ ಬಾಹುಬಲಿಯವರೆ,
ಪತ್ರ ತಲುಪಿತು. ನಿಮ್ಮ ಮಾತು ಒಪ್ಪಿದ್ದೇವೆ.'

ಪ್ರಿಂಟು ತೆಗೆದು ಟೇಬಲ್ಲಿಗಿಟ್ಟೆ.
ತಿದ್ದಿ ಬರೀಲೇನ್ರಿ, ಕೇಳಿದೆ.
ಪಾರೀಸಣ್ಣಾವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು
ಇನ್ನೊಮ್ಮೆ ಓದಿದರು.

'ಬಂದದ್ದು ಅವನ ಹೆಸರಿಗೆ.
ಅವನ ಫೈಲಿನಾಗ ಹಾಕ್ರಿ.'